ನಲವತ್ತು ಗಿಡಗಳ ಕೆಳಗಿನ ಕಸ

ಮೈಸೂರು ಸ್ಟೇಷನ್

ನಮ್ಮ ವಂಶದಲ್ಲಿ ಬಿ.ಎಸ್ಸಿ. ಪಾಸು ಮಾಡಿದವನು ನಾನೇ ಮೊದಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೂ ನಮ್ಮವ್ವ ಹೇಳುತ್ತಾಳೆ. ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದೆ ಎಂಬುದನ್ನು ಅವಳು ಹೇಳುವುದಿಲ್ಲ, ಅದನ್ನು ನಾನೇ ಹೇಳಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಉಳಿದವರು ಒಂದು ಸಲ ಓದಿದ ಪಾಠವನ್ನು ನಾನು ಮೂರು ಸಲ ಓದಿದ್ದೇನೆ.

ಕಡಕೊಳದಲ್ಲಿ ಮಲ್ಲಿಗೆ ಬೆಳೆಯುವ ಅಪ್ಪ ನನ್ನನ್ನು ಓದಿಸಿದ. ಓದಿ ಮೈಸೂರಿನ ಒಂದು ತೋಟದ ಕಚೇರಿಯಲ್ಲಿ ಗುಮಾಸ್ತನಾದೆ. ಆ ಕಚೇರಿಯ ವಶದಲ್ಲಿ ಬಿಳಿಯರ ಕಾಲದಲ್ಲಿ ನೆಟ್ಟ ಹೊರದೇಶದ ಮರಗಳಿದ್ದವು. ಎಲೆ ಸೂಜಿಯಂತೆ, ಆಕಾರ ಗೋಪುರದಂತೆ, ವರ್ಷವಿಡೀ ಹಸಿರು. ಪುಸ್ತಕದಲ್ಲಿ ಕೋನಿಫರ್ ಎಂದಿದೆ. ನಮ್ಮ ಮಾಲಿಗಳು ಕ್ರಿಸ್‌ಮಸ್ ಗಿಡ ಎನ್ನುತ್ತಾರೆ. ಅವು ಒಂದೊಂದಾಗಿ ಒಣಗುತ್ತಿದ್ದವು. ಪ್ರತಿ ಮರ ಸತ್ತಾಗಲೂ ನಾನು "ಹವಾ ಒಗ್ಗಲಿಲ್ಲ" ಎಂದು ಟೈಪು ಮಾಡುತ್ತಿದ್ದೆ, ಸೂಪರಿಂಟೆಂಡೆಂಟರು ರುಜು ಹಾಕುತ್ತಿದ್ದರು. ನಾಲ್ಕನೆಯ ಮರಕ್ಕೆ ಮೇಲಿನವರು ಯಾರೋ ಕೇಳಿದರು: ಇಷ್ಟು ವರ್ಷ ಒಗ್ಗಿದ ಹವಾ ಈಗೇಕೆ ಒಗ್ಗದು? ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ಸ್ಕಾಟ್ಲೆಂಡಿನ ಒಂದು ಸಸ್ಯತೋಟಕ್ಕೆ ಒಬ್ಬನನ್ನು ಒಂದು ವರ್ಷ ಕಳಿಸುವುದೆಂದಾಯಿತು. ಅರ್ಜಿಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿ ನನ್ನನ್ನು ಆರಿಸಿದರು. ಅರ್ಜಿ ಹಾಕಿದ್ದವನು ನಾನೊಬ್ಬನೇ.

ಒಂದು ಷರತ್ತಿತ್ತು. ಅಲ್ಲಿನ ಹಿರಿಯ ತೋಟಗಾರ "ಈತನಿಗೆ ಗಿಡ ಒಪ್ಪಿಸಬಹುದು" ಎಂದು ಕೈಯಾರೆ ಬರೆದುಕೊಡಬೇಕು.

"ಕಾಗದ ತಂದ್ರೆ ಮರಗಳೆಲ್ಲ ನಿಂದೇ ಕಣಪ್ಪ," ಎಂದರು ಸೂಪರಿಂಟೆಂಡೆಂಟರು. "ತರ್ಲಿಲ್ಲ ಅಂದ್ರೂ ಯೋಚ್ನೆ ಮಾಡ್ಬೇಡ. ನಿನ್ನ ಟೈಪ್‌ರೈಟರ್ ಇಲ್ಲೇ ಇರುತ್ತೆ."

ಸ್ಟೇಷನ್ನಿಗೆ ಅವ್ವ ಬಂದಿದ್ದಳು.

"ಅಲ್ಲೇನ್ ಮಗಾ ಕೆಲ್ಸ?"

"ಗಿಡ ನೋಡ್ಕೊಳ್ಳೋದು ಕಣವ್ವ."

"ಅದುಕ್ಯಾಕ್ಲಾ ಸೀಮೆಗೆ ಓಗ್ಬೇಕು? ನಿಮ್ಮಪ್ಪ ನೋಡ್ಕತಾ ಇಲ್ವಾ?" ಎಂದವಳು ಸೆರಗಿನ ಮರೆಯಿಂದ ಒಂದು ಕಡ್ಡಿ ಪೊರಕೆ ತೆಗೆದಳು. ತೆಂಗಿನ ಗರಿಯ ಕಡ್ಡಿಗಳನ್ನು ಅವಳೇ ಹೆರೆದು ಬಿಗಿದು ಕಟ್ಟಿದ್ದಳು. "ತಕ್ಕೊ. ಅಲ್ಲಿ ಸಿಕ್ತದೋ ಇಲ್ವೋ. ಯಾರ ಮನೇಲಿದ್ರೂ ವೊತ್ತಾರೆ ಎದ್ದು ಬಾಗ್ಲು ಗುಡಿಸಿ ನೀರಾಕು. ಕಸದ್ ಮೇಲೆ ಕುಂತವ್ನೆ ಅಂತ ಯಾರೂ ಅನ್ಬಾರ್ದು."

ಹೆಣ್ಣುಮಕ್ಕಳಿಲ್ಲದ ಮನೆ ನಮ್ಮದು. ಅಂಗಳ ಗುಡಿಸುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಪದವೀಧರ ಪೊರಕೆ ಹಿಡಿದು ರೈಲು ಹತ್ತುವುದು ಹೇಗೆಂದು ಯೋಚಿಸುವಷ್ಟರಲ್ಲಿ ಅವಳು ಅದನ್ನು ಟ್ರಂಕಿನೊಳಗೆ ಕೋಟಿನ ಕೆಳಗೆ ತುರುಕಿದ್ದಳು.

ಹಡಗುಕಟ್ಟೆ

ಹಡಗಿನ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ನಾನು ಮಲಗಿದ್ದೆ.

ಇಳಿದ ಕಡೆ ಸುಂಕದ ಅಧಿಕಾರಿ ಟ್ರಂಕು ತೆರೆಸಿದ. ಅವಲಕ್ಕಿ, ಹುರಿಹಿಟ್ಟು, ಉಪ್ಪಿನಕಾಯಿ ಯಾವುದಕ್ಕೂ ಅವನು ಮುಖ ಬದಲಿಸಲಿಲ್ಲ. ಪೊರಕೆ ಕಂಡು ನಿಂತ. ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೇನೆಂದು ಕೇಳಿದ. ಪೊರಕೆ ಎಂದೆ. ಇನ್ನೊಬ್ಬನನ್ನು ಕರೆದ. ಅವನು ಮೂಸಿ ನೋಡಿ, ಇದು ಗಿಡದ ಭಾಗವೇ ಎಂದು ಕೇಳಿದ. ಹೌದು, ತೆಂಗಿನದು ಎಂದೆ. ನನ್ನ ಕಾಗದಗಳಲ್ಲಿ ತೋಟಗಾರಿಕೆ ವಿದ್ಯಾರ್ಥಿ ಎಂದಿತ್ತು. ಅದೇ ತೊಂದರೆಯಾಯಿತು. ನಾನು ತೋಟದ ರೋಗವನ್ನೇನಾದರೂ ತರುತ್ತಿದ್ದೇನೆಯೇ ಎಂದು ಮೂವರು ಸೇರಿ ಮಾತಾಡಿದರು. ನನ್ನ ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಕೊನೆಗೆ ಬಿಟ್ಟರು. "ನಮ್ಮ ದೇಶದಲ್ಲೂ ಪೊರಕೆಗಳಿವೆ, ಸರ್," ಎಂದ ಮೊದಲನೆಯವನು, ಸ್ವಲ್ಪ ನೊಂದವನಂತೆ.

ಮಿಸೆಸ್ ಗ್ರೇ ಮನೆ

ಊರು ಸಣ್ಣದು. ಒಂದೇ ಬೀದಿ, ಅದರ ಕೊನೆಯಲ್ಲಿ ಸಸ್ಯತೋಟ. ಅದರ ಹಿರಿಯ ತೋಟಗಾರ ಮಿಸ್ಟರ್ ಡನ್. ಅರವತ್ತು ದಾಟಿದ ಆಳು, ದೊಡ್ಡ ಕೈ, ಕಡಿಮೆ ಮಾತು. ನನಗೆ ಕೋಣೆ ಕೊಟ್ಟವಳು ಅವನ ವಿಧವೆ ತಂಗಿ ಮಿಸೆಸ್ ಗ್ರೇ, ಅವನಿದ್ದುದೂ ಅದೇ ಮನೆಯಲ್ಲಿ. ಅಣ್ಣ ಆಡದ ಮಾತನ್ನೆಲ್ಲ ಇವಳು ಆಡುತ್ತಿದ್ದಳು.

ಕಾಲೇಜಿನಲ್ಲಿ ನಾನು ಕಲಿತ ಇಂಗ್ಲಿಷಿಗೂ ಇವರದಕ್ಕೂ ನಂಟೇ ಇರಲಿಲ್ಲ. ಮೊದಲ ವಾರ ಎಲ್ಲಕ್ಕೂ "ಯಸ್ ಸರ್" ಎಂದೆ. ಅದರಿಂದಾಗಿ ಎರಡು ಸಲ ಹಂದಿಮಾಂಸ ತಟ್ಟೆಗೆ ಬಂತು, ಒಂದು ಸಲ ಚರ್ಚಿನ ಗಾಯಕರ ಸಾಲಿನಲ್ಲಿ ನನ್ನ ಹೆಸರು ಸೇರಿತು. ಆಮೇಲೆ ತಿಳಿಯಿತು: ಇದು ಅವರ ಹಳ್ಳಿ ಮಾತು, ನಮ್ಮ ಕಡಕೊಳದ್ದು ಇದ್ದ ಹಾಗೆ. ಹಾಗೆಂದುಕೊಂಡ ಮೇಲೆ ಎಲ್ಲ ಅರ್ಥವಾಗತೊಡಗಿತು. ಇಲ್ಲಿ ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅದೇ ಸರಿಯಾದ ಅನುವಾದ.

ಬೆಳಿಗ್ಗೆ ಅಂಬಲಿ. ರಾಗಿಯ ಬದಲು ಓಟ್ಸ್, ಅಷ್ಟೇ ವ್ಯತ್ಯಾಸ. ಉಪ್ಪು ಹಾಕಿ ಕುಡಿಯುತ್ತಾರೆ. ಡನ್ ನಿಂತುಕೊಂಡೇ ಕುಡಿಯುತ್ತಿದ್ದ, ನಮ್ಮಪ್ಪನೂ ಹಾಗೇ. ಎಂಟು ಸಾವಿರ ಮೈಲಿ ಬಂದು ಅದೇ ಅಂಬಲಿಯೇ ಎಂದು ನನಗೆ ಸ್ವಲ್ಪ ಬೇಜಾರಾಯಿತು. ಆದರೆ ಎರಡನೆಯ ಬಟ್ಟಲು ಕೇಳಿದೆ.

ಸ್ನಾನದ್ದೇ ಜಗಳ. ಅವರದು ಶನಿವಾರ. ನನ್ನದು ದಿನಾ.

"ದಿನಾ ಸ್ನಾನ ಮಾಡುವಂಥದ್ದು ಏನ್ ಮಾಡ್ಬುಡ್ತೀಯಪ್ಪ ನೀನು?" ಎಂದು ಮಿಸೆಸ್ ಗ್ರೇ ನಿಜವಾಗಿಯೂ ಚಿಂತೆಯಿಂದ ಕೇಳಿದಳು.

ಸಾಲು

ಸೆಪ್ಟೆಂಬರಿನಲ್ಲಿ ಡನ್ ಮತ್ತು ನಾನು ಸ್ಪ್ರೂಸ್ ಎಂಬ ಕೋನಿಫರ್ ಜಾತಿಯ ನಲವತ್ತು ಸಸಿಗಳನ್ನು ಹೊಸದೊಂದು ನೆಲದ ಪಟ್ಟೆಗೆ ಕಿತ್ತು ನೆಟ್ಟೆವು. ಮೊಣಕಾಲೆತ್ತರ. ಬೇರಿನ ಜೊತೆ ಮಣ್ಣಿನ ಹೆಂಟೆ ಉಳಿಯಬೇಕು, ಹಿಂದೆ ಎಷ್ಟು ಆಳವಿತ್ತೋ ಅಷ್ಟೇ ಆಳ ಇಡಬೇಕು, ಹಿಮ್ಮಡಿಯಿಂದ ಮಣ್ಣನ್ನು ಒತ್ತಬೇಕು. ಒತ್ತಿದ ಮೇಲೆ ಡನ್ ತುದಿ ಹಿಡಿದು ಎಳೆದು ನೋಡುತ್ತಿದ್ದ. ಅಲುಗಿದರೆ ಮತ್ತೆ ಒತ್ತು.

ನೆಟ್ಟು ಮುಗಿದ ಮೇಲೆ ಸಾಲನ್ನು ತೋರಿಸಿ ಹೇಳಿದ: "ಇವು ನಿನ್ನವು. ಚಳಿಗಾಲ ಕಳೀಲಿ. ಬೇಸಿಗೇಲಿ ನೋಡಿ, ಕಾಗದ ಬರೆಯೋದೋ ಬ್ಯಾಡವೋ ಹೇಳ್ತೀನಿ."

ಅಂದಿನಿಂದ ನಾನು ಆ ನಲವತ್ತನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ನಮ್ಮವ್ವ ಊರಿಗೆಲ್ಲ ನಾನು ಆಗಲೇ ದೊಡ್ಡ ಆಫೀಸರನಾದೆ ಎಂದು ಸಾರಿರುತ್ತಾಳೆಂದು ಗೊತ್ತಿತ್ತು.

ನವೆಂಬರಿನ ಮೊದಲಲ್ಲಿ ಡನ್ ತಮ್ಮನ ಮಗಳ ಮದುವೆಗೆಂದು ಹತ್ತು ದಿನ ಊರು ಬಿಟ್ಟ. ಹೋಗುವಾಗ ಏನಾದರೂ ಹೇಳುತ್ತಾನೆಂದು ಕಾದೆ. "ಸುಮ್ನಿರು," ಎಂದ. ಅದು ಅವನ ಪೂರ್ತಿ ಉಪದೇಶವೆಂದು ನನಗೆ ಹೊಳೆಯಲಿಲ್ಲ. ಬಾಯಿಮಾತಿಗೆ ಹೇಳಿದ್ದಾನೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಸಾಲಿನ ಮುಂದೆ ನಿಂತು ನೋಡಿದೆ. ಗಿಡಗಳ ಬುಡದಲ್ಲೆಲ್ಲ ಒಣಗಿದ ಸೂಜಿಯೆಲೆ, ಕಂದು ಕಸ, ಒಂದು ಗೇಣು ದಪ್ಪ. ಪಕ್ಕದಲ್ಲಿ ದೊಡ್ಡ ಪೈನ್ ಮರಗಳಿದ್ದವು, ಅಲ್ಲಿಂದ ಬಿದ್ದಿದೆ ಎಂದುಕೊಂಡೆ. ನನ್ನ ಸಾಲು. ಹೋಗಿಬರುವವರು ನೋಡುವ ದಾರಿ. ನಮ್ಮಲ್ಲಿ ಬಾಗಿಲ ಮುಂದೆ ಗುಡಿಸದೆ ಬಿಟ್ಟರೆ, ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದರ್ಥ.

ಕೋಣೆಗೆ ಹೋಗಿ ಅವ್ವನ ಪೊರಕೆ ತಂದೆ.

ಆ ದಿನ ನಾನು ಗುಡಿಸಿದ ಹಾಗೆ ಆ ದೇಶದಲ್ಲಿ ಯಾರೂ ಗುಡಿಸಿರಲಾರರು. ಪ್ರತಿ ಗಿಡದ ಬುಡವೂ ಬರಿಮಣ್ಣು, ಪೊರಕೆಯ ಗೆರೆ ಒಂದೇ ಸಮ. ಕಸವನ್ನೆಲ್ಲ ಶೆಡ್ಡಿನ ಹಿಂದೆ ಗುಡ್ಡೆ ಮಾಡಿದೆ. ಗಿಡಗಳ ಸುತ್ತ ಸಣ್ಣ ಪಾತಿ ಮಾಡಿದೆ. ಮೇಲೆ ಕೈಯಿಂದ ನೀರು ಚಿಮುಕಿಸಿದೆ, ಧೂಳು ಏಳಬಾರದಲ್ಲ. ಆ ದೇಶದಲ್ಲಿ ಧೂಳು ಎದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ ಎಂಬುದು ಬೇರೆ ಮಾತು. ಒಂಬತ್ತು ದಿನವೂ ಹೀಗೇ ಮಾಡಿದೆ. ದಾರಿಹೋಕರು ನಿಂತು ನೋಡುತ್ತಿದ್ದರು. ಮೆಚ್ಚಿಗೆ ಎಂದುಕೊಂಡೆ.

ಹತ್ತನೆಯ ದಿನ

ಒಂಬತ್ತನೆಯ ದಿನ ಗಾಳಿ ಎದ್ದಿತು, ಸಂಜೆಗೆ ನಿಂತಿತು. ಆಕಾಶ ತೊಳೆದ ಹಾಗಾಯಿತು. ಮೈಸೂರಿನವರಿಗೆ ಅದು ಒಳ್ಳೆಯ ಹವಾ. ಬೆಳಿಗ್ಗೆ ಹೋಗಿ ನೋಡಿದರೆ ನೆಲ ಹೆಪ್ಪುಗಟ್ಟಿತ್ತು. ನಾನು ಚಿಮುಕಿಸಿದ ನೀರೆಲ್ಲ ಮಣ್ಣಿನೊಳಗೆ ಬರ್ಫವಾಗಿ, ಉಬ್ಬಿ, ಗಿಡಗಳನ್ನು ಅಡಿಯಿಂದ ಮೇಲಕ್ಕೆ ನೂಕಿತ್ತು. ಒಸಡು ಬಿಟ್ಟ ಹಲ್ಲಿನ ಹಾಗೆ ಒಂದೊಂದು ಒಂದೊಂದು ಕಡೆಗೆ ವಾಲಿದ್ದವು. ಕೆಲವುಗಳ ಬೇರು ಬಯಲಿಗೆ ಬಂದಿತ್ತು.

ಬಗ್ಗಿ ನೋಡುತ್ತಿದ್ದಾಗ ಹಿಂದೆ ಬೂಟಿನ ಸದ್ದಾಯಿತು. ಡನ್. ಮದುವೆಯ ಕೋಟಿನಲ್ಲೇ ಇದ್ದ.

ಅವನು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ. ವಾಪಸು ಬಂದ.

"ಮೇಲೆ ಹೊದಿಸಿದ್ದೆನಲ್ಲ, ಅದೆಲ್ಲೋಯ್ತು?"

ಹೊದಿಸಿದ್ದು! ಅದು ಉದುರಿದ ಕಸವಲ್ಲ, ಹೊರಡುವ ಮೊದಲು ನಾನಿಲ್ಲದಾಗ ಇವನೇ ತಂದು ಹರಡಿದ್ದ ಹೊದಿಕೆ ಎಂದು ನನಗೆ ಆಗ ತಿಳಿಯಿತು. ಕಾಗದ, ಟೈಪ್‌ರೈಟರ್, ಅವ್ವ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು.

"ಗಾಳಿ," ಎಂದೆ. "ನಿನ್ನೆ ಬಾಳ ಗಾಳಿ ಬೀಸ್ತು ಸರ್."

ಡನ್ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮದುವೆಯ ಕೋಟು ಬಿಚ್ಚಿ ಬೇಲಿಗೆ ನೇತುಹಾಕಿ, ಶೆಡ್ಡಿನ ಹಿಂದೆ ಹೋದ. ತೋಳು ತುಂಬ ಸೂಜಿಯೆಲೆ ಹೊತ್ತು ತಂದ. ಮತ್ತೆ ಹೋದ, ಮತ್ತೆ ತಂದ. ನಾನೂ ಹೊತ್ತೆ. ಬಿಸಿಲೇರಿ ನೆಲ ಸಡಿಲವಾದ ಮೇಲೆ ಇಬ್ಬರೂ ಮಂಡಿಯೂರಿ ಒಂದೊಂದು ಗಿಡವನ್ನೂ ಕೆಳಗೆ ಒತ್ತಿ, ಪಾತಿ ಮುಚ್ಚಿ, ಹೊದಿಸಿದೆವು. ಅವನು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಹಿಮ

ಜನವರಿಯಲ್ಲಿ ಹಿಮ ಬಿತ್ತು. ಕೊಂಬೆಗಳು ಭಾರಕ್ಕೆ ಬಾಗಿದವು. ನಾನು ಕೋಲು ಎತ್ತಿಕೊಂಡು ಮೇಲಿನಿಂದ ಬಡಿಯಲು ಹೊರಟೆ, ಹುಣಸೆಕಾಯಿ ಉದುರಿಸುವ ಹಾಗೆ. ಡನ್ ಕೋಲು ಕಿತ್ತುಕೊಂಡ. ಮೇಲಿನಿಂದ ಹೊಡೆದರೆ ಕೊಂಬೆ ಮುರಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಬೇಕು. ಮುರಿದ ಕಡೆ, ಹಸಿರಿಲ್ಲದ ಹಳೇ ಕೊಂಬೆಯಲ್ಲಿ, ಈ ಮರ ಮತ್ತೆ ಚಿಗುರುವುದಿಲ್ಲ. ಕತ್ತರಿ ಹಾಕುವಾಗಲೂ ಅದೇ ಲೆಕ್ಕ, ಹಸಿರು ದಾಟಿ ಕತ್ತರಿಸಬಾರದು.

"ನಿಮ್ಮೂರ ಆ ಕಡ್ಡಿ ಪೊರಕೆ ತತ್ತಾ," ಎಂದ.

ಇವನಿಗೆ ಪೊರಕೆಯ ವಿಷಯ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ತಂಗಿ ಹೇಳಿರಬೇಕು ಎಂದುಕೊಂಡು ತಂದುಕೊಟ್ಟೆ. ಕೊಂಬೆಯನ್ನು ಕೆಳಗಿನಿಂದ ಎತ್ತಿ ಹಿಮ ಉದುರಿಸುವಾಗ ಅದು ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಅವರ ಪೊರಕೆಗಳಿಗಿಂತ ಮೇಲು ಎಂದು ಅವನೇ ಒಪ್ಪಿದ. ಸುಂಕದ ಅಧಿಕಾರಿಗೆ ಬರೆದು ತಿಳಿಸೋಣವೆನಿಸಿತು.

ನನ್ನ ನಲವತ್ತೂ ಹಸಿರಾಗಿದ್ದವು. ಆ ಸಂತೋಷವನ್ನು ಮಿಸೆಸ್ ಗ್ರೇ ಬಳಿ ಹೇಳಿಕೊಂಡೆ.

"ಅಯ್ಯೋ, ಅದ ನಂಬಬ್ಯಾಡ ಕಣಪ್ಪ," ಎಂದಳು ಅಂಬಲಿ ತಿರುಗಿಸುತ್ತ. "ಸತ್ ಮ್ಯಾಲೂ ತಿಂಗ್ಳುಗಟ್ಲೆ ಹಸ್ರಾಗೇ ನಿಂತಿರ್ತವೆ ಅವು. ನಮ್ ಯಜಮಾನ್ರೂ ಅಂಗೇ, ಹೋಗೋ ಹಿಂದಿನ ದಿನ ಕೂಡ ಕೆನ್ನೆ ಕೆಂಪಗಿತ್ತು."

ಅಂದಿನಿಂದ ಹಸಿರು ನೋಡಿದರೆ ನನಗೆ ಭಯ.

ಮೇ ತಿಂಗಳು

ಊರೆಲ್ಲ ಚಿಗುರಿದಾಗ ನನ್ನ ಸಾಲಿನಲ್ಲಿ ಒಂಬತ್ತು ಗಿಡ ಕೆಂಪಾದವು. ಡನ್ ಉಗುರಿನಿಂದ ತೊಗಟೆ ಕೆರೆದು ತೋರಿಸಿದ. ಬದುಕಿದ್ದಕ್ಕೆ ಒಳಗೆ ಹಸಿರು, ತೇವ. ಆ ಒಂಬತ್ತಕ್ಕೆ ಒಳಗೂ ಕಂದು, ಪುಡಿ. ಮೂವತ್ತೊಂದು ಬದುಕಿದ್ದವು. ಶೇಕಡ ಎಪ್ಪತ್ತೇಳೂವರೆ. ನಾನು ಪಾಸಾದ ಅಂಕಗಳಿಗಿಂತ ಎಷ್ಟೋ ಹೆಚ್ಚು.

ಡನ್ ಜೇಬಿನಿಂದ ನೋಟ್ ಪುಸ್ತಕ ತೆಗೆದ.

"ಈ ಪಟ್ಟೆ ಸರಿ ಇಲ್ಲ. ಗಾಳಿ ಜಾಸ್ತಿ. ಇನ್ಮೇಲೆ ಇಲ್ಲಿ ಏನೂ ನೆಡಬಾರ್ದು ಅಂತ ಬರ್ಕೊತೀನಿ."

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ತಪ್ಪು ಗಾಳಿಯದಾಗುತ್ತಿತ್ತು, ಕಾಗದ ಸಿಗುತ್ತಿತ್ತು. ಆದರೆ ಅವನು ಪೆನ್ಸಿಲ್ ನಾಲಿಗೆಗೆ ಒತ್ತಿಕೊಂಡಾಗ ನನಗೆ ನನ್ನ ಟೈಪ್‌ರೈಟರ್ ನೆನಪಾಯಿತು. ಹವಾ ಒಗ್ಗಲಿಲ್ಲ. ನಾಲ್ಕು ಸಲ ನಾನೇ ಹೊಡೆದ ಅಕ್ಷರ. ಅದರ ಜೊತೆಗೇ ನಮ್ಮ ಮಾಲಿಗಳೂ ನೆನಪಾದರು. ಕೆಲವು ವರ್ಷದಿಂದ ನಮ್ಮ ತೋಟಕ್ಕೆ ನಲ್ಲಿ ಬಂದಿತ್ತು. ದಿನಾ ಬೆಳಿಗ್ಗೆ ಮರದ ಬುಡ ಗುಡಿಸಿ, ಉದುರಿದ ಎಲೆ ಸುಟ್ಟು, ಪಾತಿ ಮಾಡಿ, ಬೆಳಿಗ್ಗೆ ಸಂಜೆ ಪೈಪು ಬಿಡುತ್ತಿದ್ದರು. ಅಷ್ಟು ಚೊಕ್ಕಟವಾಗಿ ನೋಡಿಕೊಂಡ ಮೇಲೂ ಮರ ಸತ್ತರೆ ಹವಾ ಬಿಟ್ಟು ಬೇರೆ ಯಾರನ್ನು ಬೈಯುವುದು? ನಮ್ಮಲ್ಲಿ ಹೆಪ್ಪುಗಟ್ಟುವುದಿಲ್ಲ, ನಿಜ. ನಮ್ಮಲ್ಲಿ ಬೇರು ಕೊಳೆಯುತ್ತಿತ್ತು. ಸಾಯಿಸುವ ಕೈ ಮಾತ್ರ ಒಂದೇ.

"ಬರೀಬೇಡಿ ಸರ್," ಎಂದೆ. "ಗಾಳಿ ಅಲ್ಲ. ನಾನು. ಗುಡಿಸಿಬಿಟ್ಟೆ. ಒಂಬತ್ತು ದಿನ. ನೀರೂ ಹಾಕಿದೆ."

ಡನ್ ಪುಸ್ತಕ ಮುಚ್ಚಿದ.

"ಗೊತ್ತು."

"ಗೊತ್ತಿತ್ತಾ?"

"ಎಲೆನೆಲ್ಲ ಹಾರಿಸ್ಕೊಂಡೋಗಿ ಶೆಡ್ ಹಿಂದೆ ಒಂದೇ ಗುಡ್ಡೆ ಹಾಕೋ ಗಾಳಿ ಇರ್ಬೋದು, ಇಲ್ಲ ಅನ್ನಲ್ಲ," ಎಂದ. "ಪೊರಕೆನ ಅಚ್ಚುಕಟ್ಟಾಗಿ ಗೋಡೆಗೆ ಒರಗಿಸಿ ಹೋಗೋ ಗಾಳಿನ ನಾನು ಈ ಅರವತ್ತು ವರ್ಷದಲ್ಲಿ ನೋಡಿಲ್ಲ."

ಆರು ತಿಂಗಳು ಅವನು ಇದನ್ನು ಬಾಯಲ್ಲಿಟ್ಟುಕೊಂಡು ನನ್ನ ಜೊತೆ ಅಂಬಲಿ ಕುಡಿದಿದ್ದ.

"ಯಾಕ್ ಗುಡಿಸ್ದೆ?"

ನಾನು ಬಾಗಿಲ ಮುಂದಿನ ವಿಷಯ ಹೇಳಿದೆ. ಗುಡಿಸದ ಮನೆ ಸಾವಿನ ಮನೆ ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. ಒಂಬತ್ತು ಕೆಂಪು ಗಿಡಗಳನ್ನು ನೋಡಿದ.

"ಇಲ್ಲಿ ಗುಡಿಸಿದ್ ಮೇಲೆ ಸಾವಿನ ಮನೆ ಆಯ್ತು," ಎಂದ.

ಕಾಗದದ ಬಗ್ಗೆ ಕೇಳುವ ಧೈರ್ಯವಾಗಲಿಲ್ಲ. ಜುಲೈವರೆಗೆ ಅವನು ಹೇಳಿದ್ದನ್ನೆಲ್ಲ ಮಾಡಿದೆ. ಹೊರಡುವ ದಿನ ಮಿಸೆಸ್ ಗ್ರೇ ಓಟ್ಸಿನ ಬಿಸ್ಕತ್ತು ಕಟ್ಟಿಕೊಟ್ಟಳು, ಸ್ನಾನ ಕಡಿಮೆ ಮಾಡುವಂತೆ ಹೇಳಿದಳು. ಡನ್ ಒಂದು ಲಕೋಟೆ ಕೊಟ್ಟ. ಪೊರಕೆ ವಾಪಸು ಕೊಡಲಿಲ್ಲ. ಮುಂದಿನ ಹಿಮಕ್ಕೆ ಬೇಕು ಎಂದ.

ಮತ್ತೆ ಮೈಸೂರು

ಲಕೋಟೆಯನ್ನು ದಾರಿಯಲ್ಲಿ ಒಡೆಯಲಿಲ್ಲ. ಇದರಲ್ಲಿ ದೊಡ್ಡತನವೇನಿಲ್ಲ. ಮೂರು ಸಲ ಫಲಿತಾಂಶ ನೋಡಿದವನಿಗೆ ಆತುರ ಕಡಿಮೆ.

ಸೂಪರಿಂಟೆಂಡೆಂಟರು ಒಡೆದು ಗಟ್ಟಿಯಾಗಿ ಓದಿದರು. ಮೂರೇ ಸಾಲು: "ಈತ ನನ್ನ ನಲವತ್ತು ಗಿಡಗಳಲ್ಲಿ ಒಂಬತ್ತನ್ನು ಕೊಂದ. ಹೇಗೆ ಕೊಂದೆ ಎಂದು ತಾನೇ ಹೇಳಿದ. ಈತನಿಗೆ ಗಿಡ ಒಪ್ಪಿಸಬಹುದು."

ಅವರು ಕಾಗದದ ಹಿಂಬದಿಯನ್ನೂ ನೋಡಿದರು.

"ಇದೇನಯ್ಯಾ? ಸರ್ಟಿಫಿಕೇಟೋ ಚಾರ್ಜ್‌ಶೀಟೋ?"

"ಕೊನೇ ಸಾಲು ನೋಡಿ ಸಾರ್."

"ನೋಡ್ದೆ. ಒಪ್ಪಿಸಬಹುದು ಅಂತಾನೇ ಇದೆ." ಕಾಗದಕ್ಕೆ ಮುದ್ರೆ ಒತ್ತಿದರು.

ಮರಗಳು ನನ್ನವಾದವು. ತೋಟದೊಳಗೆ ಒಂದು ಸಣ್ಣ ಮನೆಯನ್ನೂ ಕೊಟ್ಟರು. ಮೊದಲ ದಿನವೇ ಪಾತಿಗಳನ್ನು ಮುಚ್ಚಿಸಿದೆ, ಪೈಪು ತೆಗೆಸಿದೆ, ಬುಡ ಗುಡಿಸಬಾರದು ಎಂದೆ. ಬಿ.ಎಸ್ಸಿ. ಓದಿದವರು ಹೀಗೇ ಎಂದು ಮಾಲಿಗಳು ಅವರವರಲ್ಲೇ ಮಾತಾಡಿಕೊಂಡರು. ಎಲೆ ಉದುರಿತು, ನೆಲ ಮುಚ್ಚಿತು, ನೋಡುವುದಕ್ಕೆ ಹಾಳುಬಿದ್ದ ಹಾಗೆ ಕಾಣತೊಡಗಿತು. ಆ ವರ್ಷ ಒಂದು ಮರವೂ ಸಾಯಲಿಲ್ಲ. ಹಾಗೆಂದು ಸಮಾಧಾನವಾಗಿದ್ದೆನೆಂದಲ್ಲ. ದಿನಾ ಯಾವುದಾದರೊಂದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದೆ.

ಮಗನ ಮರಗಳನ್ನು ನೋಡಲು ಅವ್ವ ಕಡಕೊಳದಿಂದ ಬಂದಳು. ಸಂಜೆ ಸುತ್ತ ಒಂದು ಸಲ ನಡೆದಳು. ಏನೂ ಅನ್ನಲಿಲ್ಲ. ಎದುರಿಗೆ ಮಾಲಿಯ ಹೆಂಡತಿ ಸಣ್ಣಮ್ಮ ನಿಂತಿದ್ದಳು, ಅವಳ ಮುಂದೆ ನನ್ನ ಮಾನ ಕಾಯಬೇಕೆಂದು ಸುಮ್ಮನಿದ್ದಳು ಎಂದು ಕಾಣುತ್ತದೆ.

ಬೆಳಿಗ್ಗೆ ನಾನೆದ್ದು ಹೊರಗೆ ಬಂದರೆ ಮನೆಯೆದುರಿನ ಎರಡು ಮರಗಳ ಬುಡ ಕನ್ನಡಿಯಂತಿತ್ತು. ಪೊರಕೆಯ ಗೆರೆ ಒಂದೇ ಸಮ. ನೀರೂ ಚಿಮುಕಿಸಿತ್ತು. ಒಂದು ಮರದ ಮುಂದೆ ರಂಗೋಲಿ. ಅವ್ವ ಹೊಸ ಪೊರಕೆಯನ್ನು ಗೋಡೆಗೆ ಒರಗಿಸುತ್ತಿದ್ದಳು.

"ಯಾರ್ಲಾ ನಿನ್ ಆಳ್ಗೋಳು? ಒಬ್ರೂ ಗುಡ್ಸಿಲ್ವಲ್ಲ. ನಾನೇ ಮಾಡ್ಬುಟ್ಟೆ ಬುಡು," ಎಂದಳು.

ಹೇಳಲು ಬಾಯಿ ತೆರೆದೆ. ಬೇರು, ತೇವ, ಹೊದಿಕೆ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ರಂಗೋಲಿ ಪುಡಿ ಮೆತ್ತಿದ ಅವಳ ಕೈ ನೋಡಿ ಬಾಯಿ ಮುಚ್ಚಿದೆ. ಹಿತ್ತಲಿಗೆ ಹೋಗಿ, ಅವಳು ಗುಡ್ಡೆ ಹಾಕಿದ್ದ ಎಲೆಯನ್ನು ತೋಳು ತುಂಬ ಹೊತ್ತು ತಂದು ಬುಡಕ್ಕೆ ಹರಡಿದೆ. ಮತ್ತೆ ಹೋದೆ, ಮತ್ತೆ ತಂದೆ. ರಂಗೋಲಿಯ ಮೇಲೆ ಕೊನೆಯಲ್ಲಿ ಹಾಕಿದೆ.

ಅವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲ ನೋಡಿದಳು. ಆಮೇಲೆ ಬೇಲಿಯಾಚೆ ನಿಂತಿದ್ದ ಸಣ್ಣಮ್ಮನನ್ನು ಕರೆದು ಹೇಳಿದಳು. ದನಿಯಲ್ಲಿ ಬೇಸರ ಎಷ್ಟಿತ್ತು, ಹೆಮ್ಮೆ ಎಷ್ಟಿತ್ತು ಎಂದು ಈಗಲೂ ನನಗೆ ತೀರ್ಮಾನಿಸಲು ಆಗಿಲ್ಲ:

"ನೋಡಮ್ಮೀ, ಬಿ.ಎಸ್ಸಿ. ಓದವ್ನೆ. ಸೀಮೆಗೋಗಿ ಒಂದ್ ವರ್ಸ ಇದ್ದು, ಕಸ ಆಕೋದ ಕಲ್ತ್‌ಬಂದವ್ನೆ."